ಆನರ್ಸ್ ಕಾಲೇಜುಗಳು ಪ್ರಬಂಧದಲ್ಲಿ ಹುಡುಕುವುದೇನು?

ಪ್ರತಿ ವರ್ಷ ಆಗಸ್ಟ್ 1ರಂದು ಅಮೆರಿಕದ ಕಾಲೇಜು ಪ್ರವೇಶಕ್ಕೆ ಬಳಕೆಯಾಗುವ ‘ಕಾಮನ್ ಅಪ್ಲಿಕೇಶನ್’ ಹೊಸ ಸಾಲಿಗೆ ತೆರೆದುಕೊಳ್ಳುತ್ತದೆ. ಅಲ್ಲಿಂದ ಡಿಸೆಂಬರ್‌ವರೆಗೆ, ಹನ್ನೆರಡನೆಯ ತರಗತಿಯ ಮಕ್ಕಳಿರುವ ಮನೆ ಫ್ರೀಮಾಂಟ್‌ನಲ್ಲಿರಲಿ, ಡಲ್ಲಾಸ್‌ನಲ್ಲಿರಲಿ, ಬೆಂಗಳೂರಿನ ಜಯನಗರದಲ್ಲಿರಲಿ, ಮಾತು ಪ್ರಬಂಧಗಳ ಸುತ್ತಲೇ ತಿರುಗುತ್ತಿರುತ್ತದೆ. 650 ಪದಗಳ ಮಿತಿಯ ಮುಖ್ಯ ಪ್ರಬಂಧದ ಬಗ್ಗೆ ಸಲಹೆ ಕೊಡುವವರಿಗೆ ಕೊರತೆಯಿಲ್ಲ. ಆದರೆ ಅದೇ ವಿಶ್ವವಿದ್ಯಾಲಯದ ಆನರ್ಸ್ ಕಾಲೇಜಿಗೆ ಪ್ರತ್ಯೇಕವಾಗಿ ಬರೆಯಬೇಕಾದ ಪ್ರಬಂಧವನ್ನು ಹಲವರು ಕೊನೆಯ ವಾರಕ್ಕೆ ಬಿಡುತ್ತಾರೆ. ಮುಖ್ಯ ಪ್ರಬಂಧವನ್ನೇ ಅಲ್ಲಿಷ್ಟು ಇಲ್ಲಿಷ್ಟು ತಿದ್ದಿ ಕಳುಹಿಸಿಬಿಡುತ್ತಾರೆ. ಒಂದೇ ವಿದ್ಯಾರ್ಥಿ, ಒಂದೇ ವಿಶ್ವವಿದ್ಯಾಲಯ, ಹಾಗಿರುವಾಗ ಕೇಳುವುದೂ ಒಂದೇ ಇರಬೇಕು ಎಂಬ ಊಹೆ ಇದರ ಹಿಂದಿದೆ. ಈ ಊಹೆ ತಪ್ಪು ಎಂಬುದೇ ಈ ಲೇಖನದ ವಾದ. ಮುಖ್ಯ ಪ್ರಬಂಧ ‘ನೀನು ಯಾರು’ ಎಂದು ಕೇಳಿದರೆ, ಆನರ್ಸ್ ಪ್ರಬಂಧ ‘ನೀನು ಹೇಗೆ ಯೋಚಿಸುತ್ತೀಯ’ ಎಂದು ಕೇಳುತ್ತದೆ. ಈ ವ್ಯತ್ಯಾಸ ಎಲ್ಲಿಂದ ಬಂತು ಎಂಬುದನ್ನು ತಿಳಿದರೆ ಬರೆಯುವವರ ಅರ್ಧ ಗೊಂದಲ ಕಳೆಯುತ್ತದೆ.

ಕರ್ನಾಟಕದ ಓದುಗರಿಗೆ ‘ಆನರ್ಸ್’ ಎಂದಾಗ ನೆನಪಿಗೆ ಬರುವುದು ಪದವಿಯ ನಾಲ್ಕನೆಯ ವರ್ಷ. ರಾಷ್ಟ್ರೀಯ ಶಿಕ್ಷಣ ನೀತಿಯಂತೆ 2021–22ರಲ್ಲಿ ರಾಜ್ಯಕ್ಕೆ ಬಂದ ನಾಲ್ಕು ವರ್ಷಗಳ ಆನರ್ಸ್ ಪದವಿಯನ್ನು 2024ರಲ್ಲಿ ಸರ್ಕಾರ ಕೈಬಿಟ್ಟು ಮೂರು ವರ್ಷಗಳ ಪದವಿಗೆ ಮರಳಿತು. ಅಮೆರಿಕದ ವ್ಯವಸ್ಥೆಗೂ ಇದಕ್ಕೂ ಸಂಬಂಧವಿಲ್ಲ. ಅಲ್ಲಿ ಆನರ್ಸ್ ಕಾಲೇಜೆಂದರೆ ಹತ್ತಾರು ಸಾವಿರ ವಿದ್ಯಾರ್ಥಿಗಳಿರುವ ಸಾರ್ವಜನಿಕ ವಿಶ್ವವಿದ್ಯಾಲಯದ ಒಳಗೇ ಇರುವ ಒಂದು ಚಿಕ್ಕ ಕಾಲೇಜು. ಇನ್ನೂರು, ಮುನ್ನೂರು ಜನ ಕೂರುವ ಉಪನ್ಯಾಸ ಕೊಠಡಿಯ ಬದಲು ಇಪ್ಪತ್ತರ ಆಸುಪಾಸಿನ ವಿದ್ಯಾರ್ಥಿಗಳು ಮೇಜಿನ ಸುತ್ತ ಕುಳಿತು ಚರ್ಚಿಸುವ ಸೆಮಿನಾರ್, ಅಧ್ಯಾಪಕರೊಬ್ಬರ ಮಾರ್ಗದರ್ಶನದಲ್ಲಿ ಬರೆಯಬೇಕಾದ ಅಂತಿಮ ವರ್ಷದ ಪ್ರೌಢಪ್ರಬಂಧ, ಹಲವೆಡೆ ಪ್ರತ್ಯೇಕ ವಸತಿ, ಮೊದಲೇ ವಿಷಯಗಳನ್ನು ಆಯ್ದುಕೊಳ್ಳುವ ಅವಕಾಶ, ಇವು ಅದರ ಸಾಮಾನ್ಯ ಲಕ್ಷಣಗಳು. ಖಾಸಗಿ ಕಾಲೇಜಿನ ಆಪ್ತ ಕಲಿಕೆಯನ್ನು ಸಾರ್ವಜನಿಕ ವಿಶ್ವವಿದ್ಯಾಲಯದ ಶುಲ್ಕದಲ್ಲಿ ಕೊಡುವುದಾಗಿ ಅವು ಹೇಳಿಕೊಳ್ಳುತ್ತವೆ. ತಮ್ಮದೇ ರಾಜ್ಯದ ವಿಶ್ವವಿದ್ಯಾಲಯದಲ್ಲಿ ಕಡಿಮೆ ಶುಲ್ಕದ ಅರ್ಹತೆಯಿರುವ ಮಧ್ಯಮ ವರ್ಗದ ಕುಟುಂಬಗಳಿಗೆ, ಅವುಗಳಲ್ಲಿರುವ ಕನ್ನಡ ಕುಟುಂಬಗಳಿಗೂ, ಇದು ಸಣ್ಣ ಆಕರ್ಷಣೆಯಲ್ಲ. ನ್ಯೂಯಾರ್ಕ್ ನಗರ ವಿಶ್ವವಿದ್ಯಾಲಯದಲ್ಲಿ 2001ರಲ್ಲಿ ಆರಂಭವಾಗಿ ಇಂದು ಮೆಕಾಲೆ ಆನರ್ಸ್ ಕಾಲೇಜ್ ಎನಿಸಿಕೊಂಡಿರುವ ಸಂಸ್ಥೆಯಂತೂ ಆ ರಾಜ್ಯದ ನಿವಾಸಿಗಳಾದ ತನ್ನ ವಿದ್ಯಾರ್ಥಿಗಳಿಗೆ ಬೋಧನಾ ಶುಲ್ಕವನ್ನೇ ವಿಧಿಸದೆ ನಡೆದುಬಂದಿದೆ.

ಈ ಕಲ್ಪನೆಯ ಮೂಲಕ್ಕೆ ಹೋದರೆ ಸಿಗುವ ಹೆಸರು ಫ್ರಾಂಕ್ ಐಡೆಲಾಟ್. ಇಂಡಿಯಾನಾ ರಾಜ್ಯದಿಂದ ರೋಡ್ಸ್ ವಿದ್ಯಾರ್ಥಿವೇತನ ಪಡೆದು ಆಕ್ಸ್‌ಫರ್ಡ್‌ಗೆ ಹೋಗಿ ಬಂದಿದ್ದ ಇವರು ಪೆನ್ಸಿಲ್ವೇನಿಯಾದ ಸ್ವಾರ್ಥ್‌ಮೋರ್ ಕಾಲೇಜಿನ ಅಧ್ಯಕ್ಷರಾದ ಮೇಲೆ 1922ರಲ್ಲಿ ಅಲ್ಲಿ ಆನರ್ಸ್ ಪದ್ಧತಿಯನ್ನು ಆರಂಭಿಸಿದರು. ಕೊನೆಯ ಎರಡು ವರ್ಷ ಸಾಮಾನ್ಯ ತರಗತಿಗಳ ಬದಲು ಚಿಕ್ಕ ಸೆಮಿನಾರ್‌ಗಳು; ಪ್ರತಿ ಸೆಮಿನಾರ್‌ಗೂ ವಿದ್ಯಾರ್ಥಿಗಳೇ ಬರೆದು ತರುವ ಪ್ರಬಂಧಗಳು; ಕೊನೆಗೆ ಹೊರಗಿನ ಸಂಸ್ಥೆಗಳಿಂದ ಬಂದ ಪರೀಕ್ಷಕರ ಮುಂದೆ ಲಿಖಿತ ಮತ್ತು ಮೌಖಿಕ ಪರೀಕ್ಷೆ. ಪಾಠ ಮಾಡಿದವರೇ ಅಂಕ ಕೊಡುವ ರೂಢಿಯನ್ನು ಇದು ಮುರಿಯಿತು. 1935ರಲ್ಲಿ ಆಸ್ಟಿನ್‌ನ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ‘ಪ್ಲಾನ್ 2’ ಎಂಬ ಆನರ್ಸ್ ಕಾರ್ಯಕ್ರಮ ಶುರುವಾಯಿತು. 1957ರಲ್ಲಿ ಸೋವಿಯತ್ ಒಕ್ಕೂಟ ಸ್ಪುಟ್ನಿಕ್ ಉಡಾಯಿಸಿದ ಮೇಲೆ ಪ್ರತಿಭಾವಂತರನ್ನು ಗುರುತಿಸಿ ಬೆಳೆಸಬೇಕೆಂಬ ಆತಂಕ ಅಮೆರಿಕದಲ್ಲಿ ಹೆಚ್ಚಿತು. ಅದರ ಬೆನ್ನಿಗೇ ರಾಜ್ಯ ವಿಶ್ವವಿದ್ಯಾಲಯಗಳಲ್ಲಿ ಆನರ್ಸ್ ಕಾರ್ಯಕ್ರಮಗಳು ಹಬ್ಬಿದವು. ಆರೆಗಾನ್ ವಿಶ್ವವಿದ್ಯಾಲಯದ ಆನರ್ಸ್ ಕಾಲೇಜು 1960ರದು. ಈ ಕಾರ್ಯಕ್ರಮಗಳ ರಾಷ್ಟ್ರೀಯ ಮಂಡಳಿ ರೂಪುಗೊಂಡದ್ದು 1966ರಲ್ಲಿ. ಅರಿಜೋನಾ ರಾಜ್ಯ ವಿಶ್ವವಿದ್ಯಾಲಯದ ಬ್ಯಾರೆಟ್ (1988), ದಾನಿ ದಂಪತಿಯ 3 ಕೋಟಿ ಡಾಲರ್ ಕೊಡುಗೆಯಿಂದ 1997ರಲ್ಲಿ ಪೂರ್ಣ ಕಾಲೇಜಾದ ಪೆನ್ ಸ್ಟೇಟ್‌ನ ಶ್ರೇಯರ್ ಮುಂತಾದವು ನಂತರದ ತಲೆಮಾರಿನವು.

ಹೆಸರು, ಗಾತ್ರ ಬೇರೆಯಾದರೂ ಒಳಗೆ ನಡೆಯುವ ಕೆಲಸ ಮಾತ್ರ ಹೆಚ್ಚು ಬದಲಾಗಿಲ್ಲ. ಬ್ಯಾರೆಟ್‌ನಲ್ಲಿ ಮೊದಲ ವರ್ಷದ ವಿದ್ಯಾರ್ಥಿಗಳು ‘ದಿ ಹ್ಯೂಮನ್ ಈವೆಂಟ್’ ಎಂಬ ಎರಡು ಸೆಮಿಸ್ಟರ್‌ಗಳ ಸೆಮಿನಾರ್ ತೆಗೆದುಕೊಳ್ಳುತ್ತಾರೆ. ಎಂಜಿನಿಯರಿಂಗ್ ಓದುವವರೂ ಪ್ರಾಚೀನ ಪಠ್ಯಗಳನ್ನು ಓದಿ, ವಾದಿಸಿ, ಬರೆಯಬೇಕು. ಬ್ಯಾರೆಟ್, ಶ್ರೇಯರ್, ಪ್ಲಾನ್ 2 ಮೂರರಲ್ಲೂ ಕೊನೆಗೆ ಪ್ರೌಢಪ್ರಬಂಧ ಕಡ್ಡಾಯ. ಹಾಗಾದರೆ ಅರ್ಜಿಗಳನ್ನು ಓದುವ ಅಧ್ಯಾಪಕರಿಗೆ ತಿಳಿಯಬೇಕಾದ ಸಂಗತಿಗಳು ಯಾವುವು? ಈ ಹುಡುಗ ಅಥವಾ ಹುಡುಗಿ ಮೇಜಿನ ಸುತ್ತ ಕುಳಿತಾಗ ಉಳಿದ ಹತ್ತೊಂಬತ್ತು ಮಂದಿಗೆ ಪ್ರಯೋಜನವಾಗುವಂಥ ಮಾತು ಆಡಬಲ್ಲರೇ? ತಮಗೆ ಒಪ್ಪಿಗೆಯಿಲ್ಲದ ವಾದವನ್ನು ಪೂರ್ತಿ ಕೇಳಬಲ್ಲರೇ? ಒಂದು ವರ್ಷ ಒಂದೇ ಪ್ರಶ್ನೆಯ ಜೊತೆ, ಉತ್ತರ ಸಿಗದ ದಿನಗಳಲ್ಲೂ, ಇರಬಲ್ಲರೇ? ಅಂಕಪಟ್ಟಿ ಇವುಗಳಲ್ಲಿ ಯಾವುದಕ್ಕೂ ಉತ್ತರ ಕೊಡುವುದಿಲ್ಲ. ಈ ಮಟ್ಟದ ಅರ್ಜಿದಾರರಲ್ಲಿ ಬಹಳಷ್ಟು ಮಂದಿಯ ಅಂಕಗಳು ಒಂದೇ ಎತ್ತರದಲ್ಲಿರುತ್ತವೆ. ಆದ್ದರಿಂದ ಪ್ರಬಂಧಕ್ಕೆ ಇಲ್ಲಿ ತೂಕ ಹೆಚ್ಚು. ವಿಶ್ವವಿದ್ಯಾಲಯದ ಸಾಮಾನ್ಯ ಪ್ರವೇಶಕ್ಕಿಂತಲೂ ಹೆಚ್ಚು.

ಪ್ರಶ್ನೆಗಳ ರೂಪವೂ ಇದನ್ನೇ ಹೇಳುತ್ತದೆ. ನೀವು ಅಭಿಪ್ರಾಯ ಬದಲಿಸಿಕೊಂಡ ಒಂದು ಸಂದರ್ಭವನ್ನು ವಿವರಿಸಿ. ಯಾರೂ ಅಂಕ ಕೊಡದಿದ್ದರೂ ನೀವು ಬೆನ್ನುಹತ್ತುವ ಪ್ರಶ್ನೆ ಯಾವುದು. ಎರಡು ಬೇರೆ ಶಾಸ್ತ್ರಗಳಿಂದ ನೋಡಬೇಕಾದ ಒಂದು ಸಮಸ್ಯೆಯನ್ನು ಚರ್ಚಿಸಿ. ಈ ಕಾರ್ಯಕ್ರಮದಲ್ಲಿ ನೀವು ಏನು ಮಾಡಬಯಸುತ್ತೀರಿ. ಸ್ವಲ್ಪ ಆಚೀಚೆ ಇವೇ ಬಗೆಯ ಪ್ರಶ್ನೆಗಳು ವರ್ಷದಿಂದ ವರ್ಷಕ್ಕೆ ತಿರುಗಿ ಬರುತ್ತವೆ. ಕೊನೆಯ ಪ್ರಶ್ನೆಯಲ್ಲಿ ಎಡವುವವರು ಹೆಚ್ಚು. ಪರ್ಡ್ಯೂ ವಿಶ್ವವಿದ್ಯಾಲಯದ ಆನರ್ಸ್ ಕಾಲೇಜು ಸಂಶೋಧನೆ, ನಾಯಕತ್ವ, ಅಂತರಶಾಸ್ತ್ರೀಯ ಅಧ್ಯಯನ, ಸಮುದಾಯದೊಡನೆ ತೊಡಗಿಕೊಳ್ಳುವಿಕೆ ಎಂಬ ನಾಲ್ಕು ಸ್ತಂಭಗಳನ್ನು ಮುಂದಿಟ್ಟಿದೆ. ಇಂಥ ಪಟ್ಟಿ ಕಂಡೊಡನೆ ವಿದ್ಯಾರ್ಥಿಗಳು ಆ ನಾಲ್ಕೂ ಪದಗಳನ್ನು ತಮ್ಮ ಪ್ರಬಂಧದಲ್ಲಿ ಜೋಡಿಸಿ, ಒಂದೊಂದಕ್ಕೂ ಒಂದೊಂದು ಸಾಧನೆ ಅಂಟಿಸುತ್ತಾರೆ. ಕಾಲೇಜಿನ ಪರಿಚಯ ಪುಸ್ತಿಕೆಯನ್ನು ಆ ಕಾಲೇಜಿನವರಿಗೇ ಓದಿ ಹೇಳಿದಂತಾಗುತ್ತದೆ. ಸಂಶೋಧನೆಯ ಆಸಕ್ತಿಯನ್ನು ತೋರಿಸಲು ಆ ಪದವೇ ಬೇಕಿಲ್ಲ. ತಾನು ಕಂಡುಹಿಡಿಯಬೇಕೆಂದಿರುವ ಸಂಗತಿ ಯಾವುದು, ಅದನ್ನು ತಿಳಿಯಲು ಮೊದಲು ಎಲ್ಲಿ ಹುಡುಕಬೇಕು ಎಂದು ನಾಲ್ಕು ವಾಕ್ಯಗಳಲ್ಲಿ ಹೇಳಬಲ್ಲವರು ಅದನ್ನು ತೋರಿಸಿಯೇ ಬಿಟ್ಟಿರುತ್ತಾರೆ.

ಮಾತು ಅಮೂರ್ತವಾಗದಿರಲು ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಕೋಲಾರದ ವಿದ್ಯಾರ್ಥಿನಿಯೊಬ್ಬಳು ತನ್ನ ಊರಿನ ಕೆರೆಯ ಬಗ್ಗೆ ಬರೆಯುತ್ತಾಳೆ ಎಂದುಕೊಳ್ಳಿ. ಬೆಂಗಳೂರಿನ ಕೊಳಚೆ ನೀರನ್ನು ಎರಡನೆಯ ಹಂತದವರೆಗೆ ಶುದ್ಧೀಕರಿಸಿ ಕೋಲಾರ ಜಿಲ್ಲೆಯ ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ ಯೋಜನೆ 2018ರಲ್ಲಿ ಆರಂಭವಾದದ್ದು ನಮಗೆಲ್ಲ ಗೊತ್ತು. ಅವಳ ಮೊದಲ ಕರಡು ಹೀಗಿರಬಹುದು: ಬಾಲ್ಯದಲ್ಲಿ ಒಣಗಿದ ಕೆರೆ, ಟ್ಯಾಂಕರ್ ನೀರಿಗೆ ಸರದಿ ನಿಂತ ಅಮ್ಮ, ನೀರು ಬಂದ ದಿನದ ಸಂಭ್ರಮ, ಮುಂದೆ ಪರಿಸರ ಎಂಜಿನಿಯರ್ ಆಗಿ ಬರಡು ನೆಲಗಳಿಗೆ ನೀರು ತರುವ ಕನಸು. ಇದರಲ್ಲಿ ಸುಳ್ಳೇನೂ ಇಲ್ಲ, ಭಾವವೂ ನಿಜವಾದದ್ದೇ. ಸಾಮಾನ್ಯ ಪ್ರವೇಶದ ಮುಖ್ಯ ಪ್ರಬಂಧವಾಗಿ ಇದು ನಡೆದೀತು. ಆದರೆ ಆನರ್ಸ್ ಪ್ರಬಂಧವಾಗಿ ಇದರಲ್ಲಿ ಒಂದು ಕೊರತೆಯಿದೆ: ಇಲ್ಲಿ ಯಾವ ಪ್ರಶ್ನೆಯೂ ಇಲ್ಲ. ಮೊದಲ ವಾಕ್ಯದಲ್ಲೇ ಕೊನೆಯ ವಾಕ್ಯ ಗೊತ್ತಾಗುತ್ತದೆ.

ಅದೇ ಹುಡುಗಿ ಅದೇ ಕೆರೆಯ ಬಗ್ಗೆ ಬೇರೆ ರೀತಿ ಬರೆಯಬಹುದು. ಕೆರೆ ತುಂಬಿದ ಮೇಲೆ ಸುತ್ತಲಿನ ಕೊಳವೆ ಬಾವಿಗಳಲ್ಲಿ ನೀರು ಮೇಲೆ ಬಂದದ್ದನ್ನು ಅವಳು ಕಂಡಿದ್ದಾಳೆ. ಅದೇ ನೀರನ್ನು ಮೂರನೆಯ ಹಂತದವರೆಗೆ ಶುದ್ಧೀಕರಿಸಬೇಕೆಂದು ಹೋರಾಟ ಮಾಡುತ್ತಿರುವವರ ಮಾತನ್ನೂ ಕೇಳಿದ್ದಾಳೆ. ಹೊಲಕ್ಕೆ ನೀರು ಬಂದು ಖುಷಿಯಾದ ಚಿಕ್ಕಪ್ಪ, ಅದೇ ಹೊಲದ ತರಕಾರಿಯನ್ನು ಮನೆಗೆ ತರಲು ಹಿಂಜರಿಯುವ ಅಜ್ಜಿ, ಇಬ್ಬರೂ ಒಂದೇ ಮನೆಯಲ್ಲಿದ್ದಾರೆ. ಇಬ್ಬರಲ್ಲಿ ಯಾರು ಸರಿ ಎಂದು ತೀರ್ಮಾನಿಸಲು ಏನೆಲ್ಲ ತಿಳಿದಿರಬೇಕು? ನೀರಿನ ಮಾದರಿಯ ಪರೀಕ್ಷೆಯೊಂದೇ ಸಾಕೇ, ಅಥವಾ ಎಷ್ಟು ವರ್ಷಗಳಲ್ಲಿ ಮಣ್ಣಿನಲ್ಲಿ ಏನು ಸೇರುತ್ತದೆ ಎಂಬುದನ್ನೂ ಅಳೆಯಬೇಕೇ? ಬೇರೆ ನೀರೇ ಇಲ್ಲದ ರೈತನಿಗೆ ‘ಅಪಾಯ’ ಎಂಬುದರ ಅರ್ಥ ನಗರದಲ್ಲಿ ಕುಳಿತವನಿಗೆ ಇರುವಷ್ಟೇ ಆಗಿರುತ್ತದೆಯೇ? ನಿರ್ಧಾರ ತೆಗೆದುಕೊಂಡ ಸಭೆಗಳಲ್ಲಿ ಊರಿನವರು ಇದ್ದರೇ? ರಸಾಯನಶಾಸ್ತ್ರ, ಅರ್ಥಶಾಸ್ತ್ರ, ನೀತಿಶಾಸ್ತ್ರ ಮೂರೂ ಈ ಪ್ರಶ್ನೆಯಲ್ಲಿ ತಾವಾಗಿಯೇ ಬಂದು ಸೇರುತ್ತವೆ. ‘ಅಂತರಶಾಸ್ತ್ರೀಯ’ ಎಂದು ಅವಳು ಬರೆಯಬೇಕಾದ ಅಗತ್ಯವೇ ಬೀಳುವುದಿಲ್ಲ. ಮೊದಮೊದಲು ಅಜ್ಜಿಯ ಭಯವನ್ನು ಅಜ್ಞಾನವೆಂದುಕೊಂಡಿದ್ದವಳು, ಎರಡನೆಯ ಹಂತದ ಶುದ್ಧೀಕರಣದಲ್ಲಿ ಏನು ಉಳಿಯುತ್ತದೆ ಎಂದು ಓದಿದ ಮೇಲೆ ಆ ಭಯಕ್ಕೂ ಒಂದು ತರ್ಕವಿದೆಯೆಂದು ಒಪ್ಪಿಕೊಂಡರೆ, ಅಲ್ಲಿ ಒಂದು ಮನಸ್ಸು ಚಲಿಸುವುದು ಓದುವವರಿಗೆ ಕಾಣಿಸುತ್ತದೆ. ಕೊನೆಗೂ ಅವಳಿಗೆ ಉತ್ತರ ಸಿಕ್ಕಿರಬೇಕಾಗಿಲ್ಲ. ಯಾವ ಭಾಗದ ಉತ್ತರ ತನಗೆ ಸಿಕ್ಕಿದೆ, ಯಾವುದು ಸಿಕ್ಕಿಲ್ಲ ಎಂದು ಅವಳು ಖಚಿತವಾಗಿ ಹೇಳಿದರೆ ಸಾಕು.

ಅಮೆರಿಕದಲ್ಲೇ ಬೆಳೆದ ಕನ್ನಡ ಮಕ್ಕಳ ಪ್ರಬಂಧಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಬೇಸಿಗೆಯಲ್ಲಿ ಮೈಸೂರಿನ ಅಜ್ಜಿಮನೆ, ವಾರಾಂತ್ಯದ ಕನ್ನಡ ಶಾಲೆ, ಎರಡು ಸಂಸ್ಕೃತಿಗಳ ನಡುವಿನ ಸೇತುವೆ ತಾನೆಂಬ ಸಮಾಧಾನ: ಈ ಜಾಡು ಎಷ್ಟು ಸವೆದಿದೆಯೆಂದರೆ ಊರಿನ ಹೆಸರು ಬದಲಿಸಿದರೆ ಅದು ಯಾವ ದೇಶದಿಂದ ಬಂದ ಕುಟುಂಬದ ಮಗುವಿನದಾದರೂ ಆಗಬಹುದು. ಹಾಗೆಂದು ಆ ಅನುಭವವನ್ನೇ ಬಿಟ್ಟುಬಿಡಬೇಕೆಂದು ಸಲಹೆಗಾರರು ಹೇಳುವುದನ್ನು ನಾನು ಒಪ್ಪುವುದಿಲ್ಲ. ಅಡುಗೆ, ಹಬ್ಬ, ನೆಂಟರ ವಿಷಯವಾದರೆ ಸರಾಗವಾಗಿ ಕನ್ನಡದಲ್ಲಿ ಮಾತಾಡುವ ಹುಡುಗನೊಬ್ಬ, ತಾನು ಶಾಲೆಯಲ್ಲಿ ಓದುವ ಭೌತಶಾಸ್ತ್ರವನ್ನು ಅಜ್ಜನಿಗೆ ವಿವರಿಸಲು ಹೊರಟಾಗ ಮೂರನೆಯ ವಾಕ್ಯಕ್ಕೇ ನಿಂತುಬಿಡುತ್ತಾನೆ ಎಂದುಕೊಳ್ಳಿ. ತನ್ನ ಕನ್ನಡ ಅಡುಗೆಮನೆಯಿಂದ ಆಚೆಗೆ ಏಕೆ ಬರಲಿಲ್ಲ? ಅದು ಭಾಷೆಯ ಮಿತಿಯೋ, ತನಗೆ ಕಲಿಸಿದ ರೀತಿಯ ಮಿತಿಯೋ? ಅಜ್ಜನ ತಲೆಮಾರಿನವರು ವಿಜ್ಞಾನವನ್ನು ಕನ್ನಡ ಮಾಧ್ಯಮದಲ್ಲೇ ಓದಿದ್ದರೆ, ಆ ಕನ್ನಡ ಈಗ ಎಲ್ಲಿದೆ? ಇಲ್ಲಿಂದ ಹೊರಟ ಪ್ರಬಂಧ ಗುರುತಿನ ಬಗ್ಗೆಯೂ ಇರುತ್ತದೆ, ಅದಕ್ಕಿಂತ ಹೆಚ್ಚಾಗಿ ಒಂದು ನಿಜವಾದ ವಿಚಾರಣೆಯಾಗಿರುತ್ತದೆ.

ಇಂಥ ಬರವಣಿಗೆ ನಮ್ಮ ಮಕ್ಕಳಿಗೆ ಕಷ್ಟವಾಗುವುದಕ್ಕೆ ಇಂಗ್ಲಿಷ್ ಮಾತ್ರ ಕಾರಣವಲ್ಲ. ನಮ್ಮ ಶಾಲೆಗಳು ಕಲಿಸುವ ಪ್ರಬಂಧಕ್ಕೆ ಪೀಠಿಕೆ, ವಿಷಯ ವಿವರಣೆ, ಉಪಸಂಹಾರ ಎಂಬ ಕಟ್ಟು ಇದೆ. ಆ ಕಟ್ಟಿನೊಳಗೆ ಬರೆಯುವವನಿಗೆ ಸಂದೇಹ ಪಡುವ ಅವಕಾಶ ಇಲ್ಲ. ಪೀಠಿಕೆಯಲ್ಲಿ ಹೇಳಿದ್ದನ್ನೇ ಉಪಸಂಹಾರ ಪುನಃ ಹೇಳಬೇಕು, ಮಧ್ಯದಲ್ಲಿ ಅನುಕೂಲ, ಅನಾನುಕೂಲಗಳ ಪಟ್ಟಿ ಬರಬೇಕು. ಎಂಜಿನಿಯರಿಂಗ್ ಸೀಟಿಗೆ ಪಿಯು ಅಂಕ ಅರ್ಧ, ಸಿಇಟಿ ಅಂಕ ಅರ್ಧ ಸೇರಿಸಿ ರ‍್ಯಾಂಕ್ ಕೊಡುವ ವ್ಯವಸ್ಥೆಯಲ್ಲಿ ಯಾರೂ ವಿದ್ಯಾರ್ಥಿಯನ್ನು ‘ನಿನಗೆ ಯಾವ ಪ್ರಶ್ನೆ ಕಾಡುತ್ತದೆ’ ಎಂದು ಕೇಳುವುದೂ ಇಲ್ಲ. ಈ ವ್ಯವಸ್ಥೆಯಲ್ಲಿ ಒಂದು ದೊಡ್ಡ ಒಳ್ಳೆಯ ಗುಣವಿದೆ, ಅದನ್ನು ಮುಂದೆ ಹೇಳುತ್ತೇನೆ. ಆದರೆ ಕನ್ನಡದಲ್ಲಿ ಇನ್ನೊಂದು ಪ್ರಬಂಧ ಪರಂಪರೆಯೂ ಇದೆ. ಸಣ್ಣ ಸಂಗತಿಯೊಂದನ್ನು ಎತ್ತಿಕೊಂಡು, ‘ನಾನು’ ಎಂಬ ದನಿಯಲ್ಲಿ ಅದನ್ನು ತಿರುಗಿಸಿ ಮುರುಗಿಸಿ ನೋಡುತ್ತ, ಅಡ್ಡದಾರಿ ಹಿಡಿಯುತ್ತ, ಮೊದಲು ನೆನೆಸದ ಕಡೆ ತಲುಪುವ ಲಲಿತ ಪ್ರಬಂಧ. ಆನರ್ಸ್ ಕಾಲೇಜು ಕೇಳುವ ಬರಹದ ಹತ್ತಿರದ ಬಂಧು ಇದೇ, ಶಾಲೆಯ ಪ್ರಬಂಧವಲ್ಲ. ಇಂಗ್ಲಿಷ್ ಮಾದರಿಗಳ ಸಂಗ್ರಹ ಕೊಂಡು ತರುವ ಮೊದಲು ಮನೆಯ ಕಪಾಟಿನಲ್ಲಿರುವ ಹಳೆಯ ಲಲಿತ ಪ್ರಬಂಧಗಳನ್ನು ಓದಲು ನಾನು ಹಿಂಜರಿಕೆಯಿಲ್ಲದೆ ಹೇಳುತ್ತೇನೆ.

ಇಷ್ಟು ಹೇಳಿದ ಮೇಲೆ ವೈಯಕ್ತಿಕ ಪ್ರಬಂಧದ ಇನ್ನೊಂದು ವಂಶಾವಳಿಯನ್ನು ಮುಚ್ಚಿಡಲಾಗದು. ಸ್ವಾರ್ಥ್‌ಮೋರ್‌ನಲ್ಲಿ ಆನರ್ಸ್ ಆರಂಭವಾದ 1922ರಲ್ಲೇ ಹಾರ್ವರ್ಡ್‌ನಲ್ಲಿ ಬೇರೊಂದು ವಿವಾದ ನಡೆದಿತ್ತು. ಅಲ್ಲಿ ಯಹೂದಿ ವಿದ್ಯಾರ್ಥಿಗಳ ಪ್ರಮಾಣ ಐದನೆಯ ಒಂದು ಭಾಗವನ್ನು ದಾಟಿದಾಗ ಅಧ್ಯಕ್ಷ ಲಾರೆನ್ಸ್ ಲೋವೆಲ್ ಅದನ್ನು ಶೇಕಡ 15ಕ್ಕೆ ಮಿತಿಗೊಳಿಸಲು ಬಯಸಿದರು. ನೇರ ಮಿತಿಗೆ ಒಪ್ಪಿಗೆ ಸಿಗಲಿಲ್ಲ. ಆದರೆ ಆ ದಶಕದಲ್ಲಿ ಅರ್ಜಿ ನಮೂನೆಗಳಲ್ಲಿ ಧರ್ಮ, ತಾಯಿಯ ತವರು ಹೆಸರು, ತಂದೆ ಹೆಸರು ಬದಲಿಸಿಕೊಂಡಿದ್ದಾರೆಯೇ ಎಂಬ ಪ್ರಶ್ನೆಗಳು, ಭಾವಚಿತ್ರ, ‘ಚಾರಿತ್ರ್ಯ’ದ ಮೌಲ್ಯಮಾಪನ ಸೇರಿಕೊಂಡವು. ಪರೀಕ್ಷೆಯ ಅಂಕಗಳಿಂದ ಮಾತ್ರ ಪ್ರವೇಶ ಕೊಟ್ಟರೆ ಬೇಡವಾದವರು ಹೆಚ್ಚು ಬರುತ್ತಾರೆ ಎಂಬ ಅಂಜಿಕೆಯಿಂದ ಅಂಕದ ಆಚೆಗಿನ ‘ವ್ಯಕ್ತಿತ್ವ’ಕ್ಕೆ ಬೆಲೆ ಬಂತು. ವಿದ್ಯಾರ್ಥಿಯ ಇಡೀ ವ್ಯಕ್ತಿತ್ವವನ್ನು ನೋಡುತ್ತೇವೆ ಎಂಬ ಇಂದಿನ ಮಾತಿನ ಬೇರಿನಲ್ಲಿ ಈ ಕಹಿಯೂ ಇದೆ. ಸಿಇಟಿಯಂಥ ವ್ಯವಸ್ಥೆಯ ಒಳ್ಳೆಯ ಗುಣ ಎಂದದ್ದು ಇದನ್ನೇ: ಉತ್ತರ ಸರಿಯೋ ತಪ್ಪೋ ಎಂದು ನೋಡುವ ಯಂತ್ರಕ್ಕೆ ಅಭ್ಯರ್ಥಿಯ ಜಾತಿ, ಮನೆತನ, ಮಾತಿನ ಧಾಟಿ ಕಾಣುವುದಿಲ್ಲ.

ಓದುವವರ ವಿವೇಚನೆಗೆ ಬಿಟ್ಟ ಜಾಗದಲ್ಲಿ ಕಾನೂನಿನ ಕಣ್ಣೂ ಈಗ ಬಿದ್ದಿದೆ. 2023ರ ಜೂನ್ 29ರಂದು ಅಮೆರಿಕದ ಸುಪ್ರೀಂ ಕೋರ್ಟ್ ಹಾರ್ವರ್ಡ್ ಮತ್ತು ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯಗಳ ಪ್ರಕರಣದಲ್ಲಿ ಜನಾಂಗದ ಆಧಾರದ ಮೇಲೆ ಪ್ರವೇಶದಲ್ಲಿ ಆದ್ಯತೆ ಕೊಡುವುದನ್ನು ತಳ್ಳಿಹಾಕಿತು. ಆದರೆ ಜನಾಂಗ ತನ್ನ ಬದುಕಿನ ಮೇಲೆ ಬೀರಿದ ಪ್ರಭಾವವನ್ನು ವಿದ್ಯಾರ್ಥಿ ಪ್ರಬಂಧದಲ್ಲಿ ಚರ್ಚಿಸಿದರೆ, ಅದು ಆ ವ್ಯಕ್ತಿಯ ಗುಣ ಅಥವಾ ಸಾಮರ್ಥ್ಯಕ್ಕೆ ಸಂಬಂಧಿಸಿದ್ದಾಗಿದ್ದರೆ, ಪರಿಗಣಿಸಲು ಅಡ್ಡಿಯಿಲ್ಲವೆಂದು ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್ ಬರೆದರು. ನಿಷೇಧಿಸಿದ್ದನ್ನು ಪ್ರಬಂಧದ ಮೂಲಕ ಹಿಂದಿನ ಬಾಗಿಲಿನಿಂದ ತರುವಂತಿಲ್ಲವೆಂದೂ ಎಚ್ಚರಿಸಿದರು. ಆ ಬಳಿಕ ಹಲವು ಕಾಲೇಜುಗಳು ತಮ್ಮ ಪ್ರಶ್ನೆಗಳನ್ನು ಬದಲಿಸಿ, ಬದುಕಿನ ಅನುಭವವನ್ನು ಕೇಳತೊಡಗಿದವು. 2025ರ ಜುಲೈನಲ್ಲಿ ಕೇಂದ್ರ ನ್ಯಾಯ ಇಲಾಖೆ ಹೊರಡಿಸಿದ ಮಾರ್ಗಸೂಚಿ, ದಾಟಿಬಂದ ಅಡೆತಡೆಗಳನ್ನು ವಿವರಿಸಿ ಎಂಬಂಥ ಪ್ರಶ್ನೆಗಳೂ ಜನಾಂಗಕ್ಕೆ ಬದಲಿಯಾಗಿ ಬಳಕೆಯಾದರೆ ಕಾನೂನುಬಾಹಿರವಾಗಬಹುದೆಂದು ಹೇಳಿತು. ಹದಿನೇಳು ವರ್ಷದ ವಿದ್ಯಾರ್ಥಿಯೊಬ್ಬರ ಆರುನೂರು ಪದಗಳು ಇಷ್ಟು ರಾಜಕೀಯ ಭಾರವನ್ನು ಹೊರಬೇಕಾಗಿ ಬಂದಿರುವುದು ದುಃಖದ ಸಂಗತಿ. ಕಷ್ಟದ ಕಥೆಯ ಮೇಲೆ ನಿಂತ ಪ್ರಬಂಧಕ್ಕಿಂತ ಪ್ರಶ್ನೆಯ ಮೇಲೆ ನಿಂತ ಪ್ರಬಂಧ ಈ ಎಳೆದಾಟದಲ್ಲಿ ಹೆಚ್ಚು ಸುರಕ್ಷಿತವೆಂಬುದೂ ನಿಜ.

ಅಸಮಾನತೆಯ ಪ್ರಶ್ನೆ ಇದಕ್ಕಿಂತ ಆಳದ್ದು. ಪ್ರಮಾಣಿತ ಪರೀಕ್ಷೆಗಳು ಶ್ರೀಮಂತರಿಗೆ ಅನುಕೂಲ, ಪ್ರಬಂಧ ಎಲ್ಲರಿಗೂ ಸಮಾನ ಎಂಬ ನಂಬಿಕೆ ಬಹುಕಾಲ ಇತ್ತು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ ಬಂದ ಸುಮಾರು 60,000 ಅರ್ಜಿಗಳ ಪ್ರಬಂಧಗಳನ್ನು ಗಣಕದಿಂದ ವಿಶ್ಲೇಷಿಸಿದ ಸ್ಟ್ಯಾನ್‌ಫರ್ಡ್ ಸಂಶೋಧಕರು 2021ರಲ್ಲಿ ಪ್ರಕಟಿಸಿದ ಅಧ್ಯಯನ ಈ ನಂಬಿಕೆಯನ್ನು ಅಲುಗಿಸಿತು. ಪ್ರಬಂಧದ ವಸ್ತು ಮತ್ತು ಶೈಲಿಗೆ ಕುಟುಂಬದ ಆದಾಯದೊಡನೆ ಇದ್ದ ಸಂಬಂಧ, ಅಮೆರಿಕದ ಕಾಲೇಜು ಪ್ರವೇಶಕ್ಕೆ ಬಳಸುವ ಎಸ್‌ಎಟಿ ಪರೀಕ್ಷೆಯ ಅಂಕಗಳಿಗೆ ಆದಾಯದೊಡನೆ ಇದ್ದ ಸಂಬಂಧಕ್ಕಿಂತಲೂ ಬಲವಾಗಿತ್ತು. ಇದರಲ್ಲಿ ಅಚ್ಚರಿಯಿಲ್ಲ. ಊಟದ ಮೇಜಿನಲ್ಲಿ ವಾದ ಮಾಡಲು ಬಿಡುವ ಮನೆ, ಕರಡು ಓದಿ ಅಂಚಿನಲ್ಲಿ ಟಿಪ್ಪಣಿ ಬರೆಯುವ ಶಿಕ್ಷಕರು, ಸಾವಿರಾರು ಡಾಲರ್ ಪಡೆದು ಕರಡನ್ನು ತಿದ್ದುವ ಖಾಸಗಿ ಸಲಹೆಗಾರರು, ಇವು ಎಲ್ಲರಿಗೂ ಸಿಗುವುದಿಲ್ಲ. ಆನರ್ಸ್ ಕಾಲೇಜುಗಳು ಸಾರ್ವಜನಿಕ ವಿಶ್ವವಿದ್ಯಾಲಯಗಳೊಳಗಿನ ಸಂಸ್ಥೆಗಳಾದ್ದರಿಂದ, ತೆರಿಗೆ ಹಣದಿಂದ ಉತ್ತಮ ಕಲಿಕೆಯನ್ನು ಪಡೆಯುವವರು ಯಾರು ಎಂಬ ಪ್ರಶ್ನೆಗೆ ಅವು ಖಾಸಗಿ ಕಾಲೇಜುಗಳಿಗಿಂತ ಹೆಚ್ಚು ಉತ್ತರದಾಯಿ. ಪ್ರಬಂಧ ಹೆಚ್ಚು ಸಮಾನವಾದ ಮಾಪಕವೆಂದು ಹೇಳಿಕೊಂಡು ಅವು ಈ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲಾಗದು.

2022ರ ನವೆಂಬರ್ ಕೊನೆಯಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಈ ಎಲ್ಲ ಚರ್ಚೆಗಳ ನೆಲವೇ ಕದಲಿತು. ಸಲಹೆಗಾರರಿಗೆ ಹಣ ಕೊಡಲಾಗದ ಮಕ್ಕಳಿಗೂ ನೆರವು ಸಿಕ್ಕಿತು ಎಂದು ಕೆಲವರು ಸ್ವಾಗತಿಸಿದರು. ಆದರೆ ಯಂತ್ರ ಬರೆದ ಪ್ರಬಂಧಗಳು ಯಾರ ಬರವಣಿಗೆಯನ್ನು ಹೋಲುತ್ತವೆ ಎಂದು ಪರಿಶೀಲಿಸಿದ 2024ರ ಅಧ್ಯಯನವೊಂದು, ಅವು ಹೆಚ್ಚಾಗಿ ಅನುಕೂಲಸ್ಥ ಹಿನ್ನೆಲೆಯ ಪುರುಷ ವಿದ್ಯಾರ್ಥಿಗಳ ಬರಹಕ್ಕೆ ಹತ್ತಿರವಾಗಿವೆ ಎಂದು ಕಂಡುಕೊಂಡಿತು. ಹಾಗಾದರೆ ಯಂತ್ರದ ನೆರವು ಪಡೆದ ಕೋಲಾರದ ಹುಡುಗಿ ಪಡೆಯುವುದು ಬೇರೆ ಯಾರದೋ ದನಿಯನ್ನು. ಡ್ಯೂಕ್ ವಿಶ್ವವಿದ್ಯಾಲಯ 2024ರಲ್ಲಿ ಪ್ರಬಂಧಗಳಿಗೆ ಅಂಕ ಕೊಡುವುದನ್ನೇ ನಿಲ್ಲಿಸಿತು. ಅವುಗಳನ್ನು ಓದುವುದು ನಿಂತಿಲ್ಲ, ಆದರೆ ಅವು ವಿದ್ಯಾರ್ಥಿಯ ಬರವಣಿಗೆಯ ನಿಖರ ಪ್ರತಿಬಿಂಬವೆಂಬ ಭರವಸೆ ಹೋಗಿದೆ. ಯಂತ್ರ ಬರೆದದ್ದನ್ನು ಪತ್ತೆ ಮಾಡುವ ಸಾಧನಗಳನ್ನು ನಂಬೋಣವೆಂದರೆ, ಚಾಟ್‌ಜಿಪಿಟಿಯ ತಯಾರಕ ಕಂಪನಿ ಓಪನ್‌ಎಐ ತಾನೇ ತಯಾರಿಸಿದ ಪತ್ತೆ ಸಾಧನವನ್ನು ನಿಖರತೆ ಸಾಲದೆಂದು 2023ರ ಜುಲೈನಲ್ಲಿ ಹಿಂತೆಗೆದುಕೊಂಡಿತು. ಅದೇ ವರ್ಷ ಸ್ಟ್ಯಾನ್‌ಫರ್ಡ್‌ನಲ್ಲಿ ನಡೆದ ಇನ್ನೊಂದು ಅಧ್ಯಯನ ನಮ್ಮ ಮಕ್ಕಳಿಗೆ ನೇರವಾಗಿ ಸಂಬಂಧಿಸಿದ್ದು: ಇಂಗ್ಲಿಷ್ ಮಾತೃಭಾಷೆಯಲ್ಲದವರು ಟೋಫೆಲ್ ಪರೀಕ್ಷೆಗೆ ಬರೆದ 91 ಪ್ರಬಂಧಗಳನ್ನು ಇಂಥ ಸಾಧನಗಳಿಗೆ ಕೊಟ್ಟಾಗ, ಸರಾಸರಿ ಅರ್ಧಕ್ಕಿಂತ ಹೆಚ್ಚನ್ನು ಅವು ಯಂತ್ರದ ಬರಹವೆಂದು ತಪ್ಪಾಗಿ ಗುರುತಿಸಿದವು. ಸರಳ ಪದಗಳು, ಪರಿಚಿತ ವಾಕ್ಯರಚನೆ, ಇವನ್ನೇ ಅವು ಯಂತ್ರದ ಗುರುತೆಂದು ತಿಳಿದಿದ್ದವು. ಎರಡನೆಯ ಭಾಷೆಯಲ್ಲಿ ಎಚ್ಚರದಿಂದ ಬರೆಯುವ ಯಾರ ಬರಹವೂ ಹಾಗೆಯೇ ಇರುತ್ತದೆ.

ನಿಯಮಗಳು ಸಂಸ್ಥೆಯಿಂದ ಸಂಸ್ಥೆಗೆ ಬೇರೆ. ಜಾರ್ಜಿಯಾ ಟೆಕ್ ಆಲೋಚನೆಗಳನ್ನು ಹುಟ್ಟುಹಾಕಲು, ತಿದ್ದಲು ಯಂತ್ರವನ್ನು ಸಹಾಯಕನಂತೆ ಬಳಸಬಹುದೆಂದಿತು. ಕ್ಯಾಲ್‌ಟೆಕ್ ವ್ಯಾಕರಣ ಪರಿಶೀಲನೆಗೆ ಅನುಮತಿ ಕೊಟ್ಟು ಕರಡು ಬರೆಸುವುದನ್ನು ಅನೈತಿಕವೆಂದಿತು. ಕ್ಯಾಲ್‌ಟೆಕ್‌ನ ಅನೈತಿಕ ಬಳಕೆಗಳ ಪಟ್ಟಿಯಲ್ಲಿ, ಬೇರೆ ಭಾಷೆಯಲ್ಲಿ ಬರೆದ ಪ್ರಬಂಧವನ್ನು ಯಂತ್ರದಿಂದ ಅನುವಾದಿಸುವುದೂ ಸೇರಿದೆ. ಕನ್ನಡದಲ್ಲಿ ಮೊದಲು ಬರೆದು ಆಮೇಲೆ ಇಂಗ್ಲಿಷಿಗೆ ತರಬೇಕೆಂದಿರುವವರು ಇದನ್ನು ಗಮನಿಸಬೇಕು. ಕನ್ನಡದಲ್ಲಿ ಯೋಚಿಸುವುದಕ್ಕೆ, ಟಿಪ್ಪಣಿ ಮಾಡುವುದಕ್ಕೆ, ಮನೆಯವರೊಡನೆ ವಾದಿಸುವುದಕ್ಕೆ ಯಾವ ಅಡ್ಡಿಯೂ ಇಲ್ಲ, ಮತ್ತು ಅದು ಒಳ್ಳೆಯ ದಾರಿ ಕೂಡ. ಆದರೆ ಇಂಗ್ಲಿಷ್ ವಾಕ್ಯಗಳನ್ನು, ಅವು ಎಷ್ಟೇ ಸರಳವಾಗಿರಲಿ, ತಾವೇ ಬರೆಯಬೇಕು. ಆ ಟಿಪ್ಪಣಿಗಳನ್ನೂ ಹಳೆಯ ಕರಡುಗಳನ್ನೂ ದಿನಾಂಕ ಸಹಿತ ಇಟ್ಟುಕೊಂಡರೆ, ಸಂದೇಹ ಬಂದ ದಿನ ತೋರಿಸಲು ಆಧಾರವಿರುತ್ತದೆ.

ಪ್ರಬಂಧವನ್ನೇ ಕೈಬಿಡಬೇಕೆನ್ನುವವರ ವಾದದಲ್ಲಿ ಹುರುಳಿದೆಯಾದರೂ ನನಗೆ ಅದು ಪೂರ್ತಿ ಒಪ್ಪಿಗೆಯಾಗುವುದಿಲ್ಲ. ಸೆಮಿನಾರ್ ಮತ್ತು ಪ್ರೌಢಪ್ರಬಂಧದ ಮೇಲೆ ನಿಂತ ಸಂಸ್ಥೆ, ಬರವಣಿಗೆಯನ್ನು ನೋಡದೆ ವಿದ್ಯಾರ್ಥಿಗಳನ್ನು ಆರಿಸುವುದು ಅಸಂಗತ. ಬದಲಾಗಬೇಕಾದದ್ದು ನೋಡುವ ಬಗೆ. ಮನೆಯಲ್ಲಿ ತಿಂಗಳುಗಟ್ಟಲೆ ತಿದ್ದಿದ ಪ್ರಬಂಧದ ಜೊತೆಗೆ ಕಾಲು ಗಂಟೆಯ ವಿಡಿಯೊ ಸಂಭಾಷಣೆಯಲ್ಲಿ ಆ ಪ್ರಬಂಧದ ಬಗ್ಗೆಯೇ ಎರಡು ಪ್ರಶ್ನೆ ಕೇಳಿದರೆ, ಬರೆದವರು ಯಾರು ಎಂಬುದು ಪತ್ತೆ ಸಾಧನಗಳಿಗಿಂತ ಚೆನ್ನಾಗಿ ತಿಳಿಯುತ್ತದೆ. ಐಡೆಲಾಟ್ ಅವರ ಮೌಖಿಕ ಪರೀಕ್ಷೆಯ ಮನೋಧರ್ಮಕ್ಕೂ ಅದು ಹತ್ತಿರ. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯ ಇನ್ನೊಂದು ದಾರಿ ಹಿಡಿದಿದೆ: ಶಾಲೆಯಲ್ಲಿ ಬರೆದು, ಶಿಕ್ಷಕರು ಮೌಲ್ಯಮಾಪನ ಮಾಡಿದ ಲೇಖನವೊಂದನ್ನು ಅರ್ಜಿಯೊಂದಿಗೆ ಕೇಳುತ್ತದೆ. ಆನರ್ಸ್ ಕಾಲೇಜುಗಳಿಗೆ ಇದಕ್ಕಿಂತ ಸೂಕ್ತವಾದ ಕ್ರಮ ನನಗೆ ಕಾಣುವುದಿಲ್ಲ. ವಿದ್ಯಾರ್ಥಿ ತನ್ನನ್ನು ಮಾರಿಕೊಳ್ಳಲು ಬರೆಯದೆ, ಒಂದು ವಿಷಯವನ್ನು ಅರಿಯಲು ಬರೆದಾಗ ಹೇಗೆ ಬರೆಯುತ್ತಾನೆ ಎಂಬುದು ಅದರಲ್ಲಿ ಕಾಣುತ್ತದೆ.

ಆದರೆ ಅಂಥ ನಿಯಮ ವ್ಯಾಪಕವಾದರೆ ಕರ್ನಾಟಕದ ಪಿಯು ವಿದ್ಯಾರ್ಥಿ ಏನನ್ನು ಕಳುಹಿಸಬೇಕು? ಎರಡು ವರ್ಷಗಳಲ್ಲಿ ಅವನು ಬರೆದದ್ದೆಲ್ಲ ಕಿರುಪರೀಕ್ಷೆ, ಮಧ್ಯವಾರ್ಷಿಕ, ಪೂರ್ವಸಿದ್ಧತಾ ಪರೀಕ್ಷೆಗಳ ಉತ್ತರಗಳು. ಅವುಗಳ ಅಂಚಿನಲ್ಲಿ ಸಂಖ್ಯೆಯಿದೆ, ಟಿಪ್ಪಣಿಯಿಲ್ಲ. ಇದಕ್ಕೆ ಸರ್ಕಾರದ ಆದೇಶಕ್ಕಾಗಿ ಕಾಯಬೇಕಾಗಿಲ್ಲ. ಇತಿಹಾಸ, ಅರ್ಥಶಾಸ್ತ್ರ, ಜೀವಶಾಸ್ತ್ರ, ಇಂಗ್ಲಿಷ್ ಅಥವಾ ಕನ್ನಡದ ಉಪನ್ಯಾಸಕರೊಬ್ಬರು ಮೊದಲ ಪಿಯು ಮುಗಿಯುವುದರೊಳಗೆ ಆಸಕ್ತ ವಿದ್ಯಾರ್ಥಿಗಳಿಂದ ಅವರೇ ಆರಿಸಿದ ಪ್ರಶ್ನೆಯ ಮೇಲೆ ನಾಲ್ಕೈದು ಪುಟಗಳ ಲೇಖನವೊಂದನ್ನು ಬರೆಯಿಸಿ, ಓದಿ, ಎಲ್ಲಿ ವಾದ ಸಡಿಲವಾಗಿದೆ, ಯಾವ ಮಾತಿಗೆ ಆಧಾರ ಬೇಕು ಎಂದು ಕೈಯಾರೆ ಅಂಚಿನಲ್ಲಿ ಬರೆದುಕೊಟ್ಟು, ಇನ್ನೊಮ್ಮೆ ಬರೆಯಲು ಹೇಳಬಹುದು. ಅಮೆರಿಕಕ್ಕೆ ಅರ್ಜಿ ಹಾಕುವವರು ಆ ತರಗತಿಯಲ್ಲಿ ಒಬ್ಬರೋ ಇಬ್ಬರೋ ಇರಬಹುದು, ಯಾರೂ ಇಲ್ಲದಿರಲೂಬಹುದು. ಬೆಂಗಳೂರು, ಧಾರವಾಡ, ಮಂಗಳೂರಿನ ಕಾಲೇಜುಗಳಲ್ಲೇ ಮುಂದೆ ಓದುವ ಉಳಿದವರಿಗೂ ಆ ಲೇಖನ ಅಷ್ಟೇ ಬೇಕಾಗಿರುವಂಥದ್ದು.